ಓಪನ್ ಕಾರು ಕೊಳ್ಳುವವರು ಮೊದಲು ಬಗ್ಗಿ ನೋಡಬೇಕು

ಹಳೆಯ ಓಪನ್ ಟಾಪ್ ಕಾರೊಂದನ್ನು ಕೊಂಡು, ರಜೆಯ ದಿನಗಳಲ್ಲಿ ಕೈಗೆ ಗ್ರೀಸು ಮೆತ್ತಿಕೊಂಡು ಅದನ್ನು ಮತ್ತೆ ರಸ್ತೆಗಿಳಿಸಬೇಕು ಎಂಬ ಆಸೆ ಅನೇಕರಿಗಿದೆ. ಆಸೆಯೇನೋ ಒಳ್ಳೆಯದೇ. ಆದರೆ ಕಾರಿನ ಮುಂದೆ ನಿಂತಾಗ ಹೆಚ್ಚಿನವರ ಕಣ್ಣು ಹೋಗುವುದು ಬಣ್ಣ, ಸೀಟು, ಸ್ಟೀರಿಂಗು, ಮೀಟರುಗಳ ಕಡೆಗೆ. ಎಂಜಿನ್ ಸ್ಟಾರ್ಟ್ ಆಯಿತೆಂದರೆ ಮುಗಿಯಿತು, ಅಡ್ವಾನ್ಸ್ ಕೊಟ್ಟೇಬಿಡುತ್ತಾರೆ. ಇವೆಲ್ಲ ದುಡ್ಡು ಖರ್ಚು ಮಾಡಿದರೆ ಸರಿಹೋಗುವಂಥವು. ದುಡ್ಡು ಸುರಿದರೂ ಸುಲಭಕ್ಕೆ ಬಗೆಹರಿಯದ ತೊಂದರೆ ಇರುವುದು ಮೊಣಕಾಲಿಗಿಂತ ಕೆಳಗೆ. ಅದನ್ನು ಕಾಣಬೇಕಾದರೆ ನೆಲದ ಮೇಲೆ ಗೋಣಿಚೀಲ ಹಾಸಿ, ಟಾರ್ಚ್ ಹಿಡಿದು ಮಲಗಬೇಕು.

ಮುಚ್ಚಿದ ಕಾರಿನ ಟಾಪ್ ಮಳೆ ಬಿಸಿಲು ತಡೆಯುವುದರ ಜೊತೆಗೆ ಇನ್ನೊಂದು ದೊಡ್ಡ ಕೆಲಸ ಮಾಡುತ್ತಿರುತ್ತದೆ. ಕಂಬಗಳ ಮೂಲಕ ಕಾರಿನ ಮುಂಭಾಗವನ್ನೂ ಹಿಂಭಾಗವನ್ನೂ ಬಿಗಿಯಾಗಿ ಹಿಡಿದಿಟ್ಟಿರುತ್ತದೆ. ಮೈಸೂರು ಪಾಕ್ ತುಂಬಿ ಕೊಡುವ ರಟ್ಟಿನ ಡಬ್ಬವನ್ನು ಮುಚ್ಚಳ ಹಾಕಿ ಎರಡೂ ತುದಿ ಹಿಡಿದು ತಿರುಚಿದರೆ ಅಷ್ಟಾಗಿ ಜಗ್ಗುವುದಿಲ್ಲ. ಮುಚ್ಚಳ ತೆಗೆದು ತಿರುಚಿದರೆ ಕೈಯಲ್ಲೇ ಓಲಾಡುತ್ತದೆ. ಓಪನ್ ಕಾರಿನಲ್ಲಿ ಆ ಬಿಗಿಯೆಲ್ಲ ಚಾಸಿಸ್‌ನಿಂದ, ಫ್ಲೋರಿನಿಂದ, ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಪಟ್ಟಿಗಳಿಂದಲೇ ಬರಬೇಕು. ತುಕ್ಕು ಮೊದಲು ಹಿಡಿಯುವ ಜಾಗಗಳೂ ಅವೇ. ಟಾಪಿನ ಬಟ್ಟೆ ಹರಿದಿದ್ದರೆ ಮಳೆನೀರು ಕಾರ್ಪೆಟ್ಟಿನ ಅಡಿಯಲ್ಲಿ ಇಂಗಿ ನಿಂತು ತಗಡನ್ನು ಮೇಲಿನಿಂದ ತಿನ್ನುತ್ತದೆ, ರಸ್ತೆಯ ಕೆಸರು ಕೆಳಗಿನಿಂದ ತಿನ್ನುತ್ತದೆ. ನಡುವೆ ಉಳಿಯುವುದು ಬಣ್ಣ ಮಾತ್ರ.

ಯಾವ ಕಾರು ತೆಗೆದುಕೊಳ್ಳಲಿ ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಟ್ರಯಂಫ್ ಹೆರಾಲ್ಡ್. ವಯಸ್ಸಾದ ಓದುಗರಿಗೆ ಹೆಸರು ಹೊಸದಲ್ಲ. ಅಂಬಾಸಿಡರ್, ಫಿಯಟ್‌ಗಳ ಜೊತೆ ನಮ್ಮ ಊರುಗಳಲ್ಲಿ ಓಡಾಡುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಇದರದ್ದೇ ಮದರಾಸಿನ ಅವತಾರ. ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಕಂಪನಿ 1960ರ ದಶಕದ ಆರಂಭದಲ್ಲಿ ಅದನ್ನು ಅಲ್ಲಿ ತಯಾರಿಸತೊಡಗಿತು. ಮೊದಲು ಎರಡು ಬಾಗಿಲಿನದು, ಆಮೇಲೆ ನಮ್ಮ ಕುಟುಂಬಗಳ ಅನುಕೂಲಕ್ಕೆ ನಾಲ್ಕು ಬಾಗಿಲಿನದು. ಇಂಗ್ಲೆಂಡಿನ ಹೆರಾಲ್ಡ್ ದೊಡ್ಡ ಎಂಜಿನ್‌ಗೆ ಬದಲಾದರೂ ಇಲ್ಲಿ 948 ಸಿಸಿ ಎಂಜಿನ್ನೇ ಉಳಿಯಿತು. 1970ರ ದಶಕದ ಗೆಜೆಲ್ ಕಾರಿಗೂ ಅದೇ ಬಂತು.

ಹೆರಾಲ್ಡ್ ಹುಟ್ಟಿದ್ದು ಕವೆಂಟ್ರಿಯಲ್ಲಿ, 1959ರಲ್ಲಿ. ಅದಕ್ಕೆ ರೂಪ ಕೊಟ್ಟವನು ಇಟಲಿಯ ಜೊವಾನಿ ಮಿಕೆಲೊಟ್ಟಿ. ಮರುವರ್ಷವೇ ಓಪನ್ ಮಾದರಿ ಬಂತು. ಆ ಹೊತ್ತಿಗೆ ಉಳಿದ ಹೆಚ್ಚಿನ ಕಂಪನಿಗಳು ಚಾಸಿಸ್ಸನ್ನೇ ಕೈಬಿಟ್ಟು, ಬಾಡಿ ಮತ್ತು ಚಾಸಿಸ್ ಒಂದೇ ಆಗಿರುವ ಕಾರುಗಳತ್ತ ಹೊರಳಿದ್ದವು. ಹೆರಾಲ್ಡ್‌ಗೆ ಮಾತ್ರ ಹಳೆಯ ಕಾಲದ ಹಾಗೆ ಬೇರೆ ಚಾಸಿಸ್ ಇತ್ತು. ಇದರ ಹಿಂದೆ ಒಂದು ವ್ಯಾಪಾರದ ಪೆಟ್ಟಿದೆ. ಹೆರಾಲ್ಡ್ ತಯಾರಿಸಿದ ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿಗೆ ಬಾಡಿ ಮಾಡಿಕೊಡುತ್ತಿದ್ದ ಫಿಶರ್ ಆ್ಯಂಡ್ ಲಡ್ಲೊ ಕಂಪನಿಯನ್ನು 1953ರಲ್ಲಿ ಎದುರಾಳಿ ಬಿಎಂಸಿ ಕೊಂಡುಕೊಂಡಿತು. ಇಡೀ ಬಾಡಿಯನ್ನು ಒಂದೇ ಕಡೆ ಒತ್ತಿ ಮಾಡಿಕೊಡುವವರು ಕೈತಪ್ಪಿದ ಮೇಲೆ, ಬಾಡಿಯನ್ನು ತುಂಡುತುಂಡಾಗಿ ಬೇರೆ ಬೇರೆ ಕಡೆ ಮಾಡಿಸಿ, ಚಾಸಿಸ್ ಮೇಲೆ ಬೋಲ್ಟ್ ಹಾಕಿ ಕೂರಿಸುವ ದಾರಿಯನ್ನು ಕಂಪನಿ ಹಿಡಿಯಿತು. ಹೀಗೆ ಬಿಡಿಬಿಡಿಯಾಗಿದ್ದದ್ದೇ ಕಾರನ್ನು ಪೆಟ್ಟಿಗೆಗಳಲ್ಲಿ ತುಂಬಿ ಹಡಗಿನಲ್ಲಿ ಮದರಾಸಿನಂಥ ಊರುಗಳಿಗೆ ಕಳಿಸಲೂ ಅನುಕೂಲವಾಯಿತು.

ಅಂದಿನ ಆ ಒತ್ತಾಯದ ದಾರಿ ಇಂದು ಹಳೆಯ ಕಾರು ರಿಪೇರಿ ಮಾಡುವವರಿಗೆ ವರವಾಗಿದೆ. ಹೆರಾಲ್ಡ್‌ನ ಬಾನೆಟ್ಟು ಮಡ್‌ಗಾರ್ಡ್ ಸಮೇತ ಇಡಿಯಾಗಿ ಮುಂದಕ್ಕೆ ಬಗ್ಗಿ ತೆರೆದುಕೊಳ್ಳುತ್ತದೆ. ಮುಂದಿನ ಟೈರಿನ ಮೇಲೆ ಕೂತು ಎಂಜಿನ್ ಕೆಲಸ ಮಾಡಬಹುದು. ಬಾಡಿಯ ಮುಂದಿನ ಅರ್ಧ, ಹಿಂದಿನ ಅರ್ಧ, ಟಾಪ್ ಎಲ್ಲ ಬೋಲ್ಟಿನಲ್ಲೇ ನಿಂತಿವೆ. ಮೇಲಾಗಿ, 1962ರಿಂದ 1980ರವರೆಗೆ ಬಂದ ಸ್ಪಿಟ್‌ಫೈರ್ ಸ್ಪೋರ್ಟ್ಸ್ ಕಾರಿನ ಚಾಸಿಸ್ಸು, ಸಸ್ಪೆನ್ಷನ್ನು, ಎಂಜಿನ್ನು ಹೆರಾಲ್ಡ್‌ನಿಂದಲೇ ಬೆಳೆದವು. ಆ ಕಾರಿಗೆ ಪ್ರಪಂಚದ ಎಲ್ಲೆಡೆ ಅಭಿಮಾನಿಗಳಿರುವುದರಿಂದ ಇವತ್ತಿಗೂ ಅನೇಕ ಬಿಡಿಭಾಗಗಳು ಹೊಸದಾಗಿ ತಯಾರಾಗುತ್ತಿವೆ. ಪ್ರಾಜೆಕ್ಟ್ ಕಾರು ಆರಿಸುವಾಗ ಅಂದಕ್ಕಿಂತ ಮೊದಲು ಇದನ್ನು ನೋಡಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಪರೂಪದ ಕಾರು ಸಿಕ್ಕಿತೆಂದು ಹಿಗ್ಗಿ, ಆಮೇಲೆ ಒಂದು ದೀಪದ ಗಾಜಿಗಾಗಿ ವರ್ಷಗಟ್ಟಲೆ ಕಾದು, ಕೊನೆಗೆ ಟಾರ್ಪಾಲು ಹೊದಿಸಿ ಮರೆತವರು ಬಹಳ.

ಈಗ ಕೆಳಗೆ ಇಳಿಯೋಣ. ಹೆರಾಲ್ಡ್ ಚಾಸಿಸ್‌ನ ನಡುವೆ ಉದ್ದಕ್ಕೂ ಎರಡು ದಪ್ಪ ಪೆಟ್ಟಿಗೆ ಆಕಾರದ ಕಂಬಿಗಳಿವೆ. ಇವು ಸಾಮಾನ್ಯವಾಗಿ ಗಟ್ಟಿಯಾಗಿಯೇ ಉಳಿದಿರುತ್ತವೆ. ಎಂಜಿನ್ನಿನಿಂದ ಸೋರಿದ ಆಯಿಲೇ ಎಷ್ಟೋ ಕಡೆ ಅವನ್ನು ಕಾಪಾಡಿರುತ್ತದೆ. ಈ ಕಂಬಿಗಳಿಂದ ಎರಡೂ ಪಕ್ಕಕ್ಕೆ ತೋಳುಗಳು ಚಾಚಿಕೊಂಡಿವೆ, ಬಾಡಿ ಕೂತಿರುವುದು ಇವುಗಳ ಮೇಲೆ. ತೋಳುಗಳ ತುದಿಗಳನ್ನು ಸೇರಿಸಿಕೊಂಡು ಬಾಗಿಲುಗಳ ಕೆಳಗೆ ಪಕ್ಕದ ಕಂಬಿ ಹೋಗುತ್ತದೆ. ತೋಳುಗಳೂ ಪಕ್ಕದ ಕಂಬಿಗಳೂ ಒಳಗೆ ಟೊಳ್ಳು. ಒಳಗೆ ಸೇರಿದ ಕೆಸರು ಒಣಗುವುದೇ ಇಲ್ಲ, ಆದ್ದರಿಂದ ಅವು ಒಳಗಿನಿಂದ ಹೊರಕ್ಕೆ ತುಕ್ಕು ಹಿಡಿಯುತ್ತವೆ. ಹೊರಗೆ ಕಪ್ಪು ಬಣ್ಣ ಹೊಡೆದು ಚೊಕ್ಕವಾಗಿ ಕಂಡರೂ ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಇಳಿದುಬಿಡುತ್ತದೆ. ಡಿಕ್ಕಿಯ ಕೆಳಗಿನ ತೋಳುಗಳನ್ನು ನೋಡಲು ಮರೆಯುವವರೇ ಹೆಚ್ಚು. ಹಿಂದಿನ ಬಾಡಿಯ ಭಾರ ಅವುಗಳ ಮೇಲೂ ಇದೆ.

ಬೆಂಗಳೂರಿನ ಹೊರವಲಯದ ಒಂದು ಶೆಡ್ಡಿನಲ್ಲಿ ಇಂಥ ಒಂದು ಓಪನ್ ಹೆರಾಲ್ಡ್ ನೋಡಲು ಪರಿಚಯದ ಟಿಂಕರಿಂಗ್ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿದ್ದೆ. ಕಾರು ತಿಳಿನೀಲಿ ಬಣ್ಣದಲ್ಲಿ ಮಿರುಗುತ್ತಿತ್ತು. ಮೇಸ್ತ್ರಿ ಬಾನೆಟ್ಟು ಎತ್ತಲೇ ಇಲ್ಲ. ಎರಡೂ ಬಾಗಿಲುಗಳನ್ನು ತೆಗೆದು ಹಾಕಿ ನೋಡಿದರು. ಚೆನ್ನಾಗಿಯೇ ಕೂರುತ್ತಿದ್ದವು. ಬಾಗಿಲಿನ ಸುತ್ತಲಿನ ಸಂದಿಯ ಮೇಲೆ ಬೆರಳಾಡಿಸಿ, ಜಾಕ್ ತಂದು ಚಾಸಿಸ್‌ನ ಮುಂದಿನ ತುದಿಗೆ ಕೊಟ್ಟು, ಚಕ್ರ ನೆಲ ಬಿಡುವವರೆಗೆ ಮೆಲ್ಲಗೆ ಎತ್ತಿದರು.

“ಈಗ ಬಾಗಿಲು ತೆಗೀರಿ ಸಾರ್,” ಎಂದರು.

ಬಾಗಿಲು ಬಿಗಿದುಕೊಂಡಿತ್ತು. ಮೇಲಿನ ಸಂದಿ ಕಿರಿದಾಗಿ ತಗಡಿಗೆ ತಗಡು ತಾಗುತ್ತಿತ್ತು, ಕೆಳಗೆ ಸಂದಿ ಅಗಲವಾಗಿತ್ತು. ಮುಂದಿನ ತುದಿಯನ್ನು ಎತ್ತಿದಾಗ ಕಾರಿನ ನಡುವೇ ಜೋತುಬಿದ್ದಿತ್ತು. ಮೇಸ್ತ್ರಿ ಜಾಕ್ ಇಳಿಸಿ, ತೆಳು ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಗಿಲ ಕೆಳಗಿನ ಪಟ್ಟಿಗೆ ಹಿಡಿದರು. ಒಂದು ಕಡೆ ಅಂಟಿತು, ಗೇಣು ಮುಂದೆ ಹೋದರೆ ಜಾರಿ ಬಿತ್ತು. ಅಲ್ಲಿ ಕಬ್ಬಿಣವೇ ಇರಲಿಲ್ಲ, ಪುಟ್ಟಿ ತುಂಬಿತ್ತು. “ಪೇಂಟ್ ಮಾಡಿದೋನು ಒಳ್ಳೆ ಕೆಲ್ಸಗಾರ ಸಾರ್. ಕಾರು ಮಾತ್ರ ಬೇಡ,” ಎಂದು ಕೈ ಒರೆಸಿಕೊಂಡರು. ಓಪನ್ ಕಾರು ನೋಡಲು ಹೋಗುವ ಯಾರೇ ಆದರೂ ಈ ಪರೀಕ್ಷೆ ಮಾಡದೆ ದುಡ್ಡು ಕೊಡಬಾರದು. ಜಾಕ್ ಹಾಕಲು ಮಾರುವವನು ಒಪ್ಪದಿದ್ದರೆ ಅಲ್ಲಿಂದ ಹೊರಟುಬಿಡುವುದೇ ಸರಿ.

ತೋಳುಗಳು ಕೊಳೆತಿದ್ದರೂ ಚಾಸಿಸ್ ನೆಟ್ಟಗಿದ್ದರೆ ಕಾರನ್ನು ಕೈಬಿಡಬೇಕಾಗಿಲ್ಲ. ಹೊಸ ತೋಳುಗಳನ್ನು ವೆಲ್ಡ್ ಮಾಡಬಹುದು, ನುರಿತ ಮೇಸ್ತ್ರಿಗಳು ಇಲ್ಲಿಯೇ ತಗಡು ಮಡಚಿ ಮಾಡಿಕೊಡಬಲ್ಲರು. ಇಲ್ಲಿ ಅನೇಕ ಕಾರುಗಳು ಹಾಳಾಗುವುದು ರಿಪೇರಿಯ ಕ್ರಮ ತಪ್ಪಿದ್ದರಿಂದ. ಬಾಗಿಲುಗಳನ್ನು ಕಳಚಿಟ್ಟು, ಕೊಳೆತದ್ದನ್ನೆಲ್ಲ ಒಂದೇ ಸಲ ಕತ್ತರಿಸಿ, ಆಮೇಲೆ ಹೊಸದನ್ನು ಬೆಸೆಯಲು ಹೊರಡುತ್ತಾರೆ. ಅಷ್ಟರಲ್ಲಿ ಬಾಡಿ ತನ್ನ ಭಾರಕ್ಕೇ ಬಾಗಿರುತ್ತದೆ, ಬಾಗಿದ ಸ್ಥಿತಿಯಲ್ಲೇ ವೆಲ್ಡಿಂಗ್ ಅದನ್ನು ಕಾಯಂ ಮಾಡುತ್ತದೆ. ಆಮೇಲೆ ಯಾವ ಬಾಗಿಲೂ ಸರಿಯಾಗಿ ಕೂರುವುದಿಲ್ಲ. ಕತ್ತರಿಸುವ ಮೊದಲು ಬಾಗಿಲ ಬಾಯಿಗೆ ಅಡ್ಡಲಾಗಿ ಕಬ್ಬಿಣದ ಪೈಪು ಬೆಸೆದು ಬಿಗಿಯಬೇಕು. ಚಾಸಿಸ್ಸಿಗೆ ಉದ್ದಕ್ಕೂ ಹಲವು ಕಡೆ ಆಸರೆ ಕೊಡಬೇಕು. ಒಂದು ಬದಿಯ ಕೆಲಸ ಪೂರ್ತಿ ಮುಗಿಸಿ, ಬಾಗಿಲು ತೂಗಿಹಾಕಿ ಸಂದಿ ನೋಡಿ, ಆಮೇಲೆ ಇನ್ನೊಂದು ಬದಿಗೆ ಕೈಹಚ್ಚಬೇಕು. ನಿಧಾನದ ಕೆಲಸ ಇದು. ಅವಸರ ಮಾಡುವ ಗ್ಯಾರೇಜಿಗೆ ಓಪನ್ ಕಾರು ಒಪ್ಪಿಸಬೇಡಿ.

ಅಡಿ ಗಟ್ಟಿ ಇದೆ ಅನ್ನಿ. ಉಳಿದಂತೆ ಹೆರಾಲ್ಡ್‌ನಲ್ಲಿ ಖಂಡಿತ ನೋಡಬೇಕಾದ ಜಾಗಗಳು ಎರಡು, ಎರಡೂ ಸಣ್ಣ ಭಾಗಗಳೇ.

ಮೊದಲನೆಯದು ಮುಂದಿನ ಚಕ್ರಗಳ ಟ್ರನಿಯನ್. ಚಕ್ರವನ್ನು ಹೊತ್ತ ಉಕ್ಕಿನ ಕಡ್ಡಿಯ ಕೆಳತುದಿಯಲ್ಲಿ ಮರೆ ಸುತ್ತುಗಳಿವೆ, ಅದು ಹಿತ್ತಾಳೆ ಬಣ್ಣದ ಒಂದು ಗಟ್ಟಿಯೊಳಗೆ ಸ್ಕ್ರೂವಿನಂತೆ ಕೂತಿರುತ್ತದೆ. ನೀವು ಸ್ಟೀರಿಂಗ್ ತಿರುಗಿಸಿದಷ್ಟೂ ಸಲ ಆ ಮರೆ ಒಳಗೆ ಹೊರಗೆ ತಿರುಗುತ್ತದೆ. ಅಲ್ಲಿಗೆ ಹಾಕಬೇಕಾದ್ದು ಗೇರ್ ಆಯಿಲ್, ಇಪಿ 90. ನಿಪ್ಪಲ್ ಕಂಡ ಕೂಡಲೇ ಗ್ರೀಸ್ ಗನ್ ಹಿಡಿಯುವುದು ನಮ್ಮ ಗ್ಯಾರೇಜುಗಳ ರೂಢಿ. ಗ್ರೀಸು ಮರೆಯ ತಳದವರೆಗೆ ಇಳಿಯುವುದಿಲ್ಲ, ಕಾಲಕ್ರಮೇಣ ಗಟ್ಟಿಯಾಗಿ ಆಯಿಲಿಗೂ ದಾರಿ ಮುಚ್ಚುತ್ತದೆ. ನೀರು ಸೇರಿ ಉಕ್ಕು ಸವೆಯುತ್ತಾ ಸವೆಯುತ್ತಾ ಒಂದು ದಿನ ಕಡ್ಡಿ ಮುರಿಯುತ್ತದೆ. ಮುರಿಯುವುದು ಹೆಚ್ಚಾಗಿ ಸ್ಟೀರಿಂಗನ್ನು ಪೂರ್ತಿ ತಿರುಗಿಸಿದಾಗ, ಪಾರ್ಕಿಂಗ್ ಮಾಡುವ ಹೊತ್ತಿಗೆ. ಚಕ್ರ ಕಾರಿನಡಿ ಮಡಚಿ ಬೀಳುತ್ತದೆ. ವೇಗದಲ್ಲಿದ್ದಾಗ ಮುರಿದರೆ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ. ಕಾರು ಕೊಂಡ ಮೇಲೆ ಮಾಡಬೇಕಾದ ಮೊದಲ ಕೆಲಸಗಳಲ್ಲಿ ಇದೂ ಒಂದು: ಟ್ರನಿಯನ್ ಬಿಚ್ಚಿ, ಸ್ವಚ್ಛ ಮಾಡಿ, ಸಂಶಯ ಬಂದರೆ ಕಡ್ಡಿಯನ್ನೇ ಬದಲಿಸಿ, ಹೊಸ ಆಯಿಲ್ ಮೇಲಿನಿಂದ ಒಸರುವವರೆಗೆ ತುಂಬುವುದು.

ಎರಡನೆಯದು ಎಂಜಿನ್ನಿನೊಳಗಿನ ಥ್ರಸ್ಟ್ ವಾಷರ್. ಅರ್ಧಚಂದ್ರದ ಆಕಾರದ ಎರಡು ತೆಳು ಬಿಲ್ಲೆಗಳು ಹಿಂದಿನ ಬೇರಿಂಗಿನ ಬಳಿ ಕೂತು, ಕ್ರ್ಯಾಂಕ್ ಹಿಂದೆ ಮುಂದೆ ಸರಿಯದಂತೆ ತಡೆಯುತ್ತವೆ. ಪ್ರತಿ ಸಲ ಕ್ಲಚ್ ಒತ್ತಿದಾಗಲೂ ಕ್ರ್ಯಾಂಕ್ ಮುಂದಕ್ಕೆ ತಳ್ಳಲ್ಪಟ್ಟು ಬಿಲ್ಲೆ ಸವೆಯುತ್ತದೆ. ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಎಂಜಿನ್ ಆಫ್ ಮಾಡಿ, ಜೊತೆಗಿರುವವರಿಗೆ ಕ್ಲಚ್ ಒತ್ತಿ ಬಿಡಲು ಹೇಳಿ, ನೀವು ಎಂಜಿನ್ನಿನ ಮುಂದಿರುವ ಪುಲ್ಲಿಯನ್ನು ದಿಟ್ಟಿಸಿ. ಇರಬೇಕಾದ ಆಟ ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಭಾಗ ಮಾತ್ರ, ಅದು ಕಣ್ಣಿಗೆ ಕಾಣುವಂಥದ್ದೇ ಅಲ್ಲ. ಪುಲ್ಲಿ ಎದ್ದುಕಾಣುವಂತೆ ಮುಂದೆ ಹಿಂದೆ ಆಡಿದರೆ ಬಿಲ್ಲೆ ಸವೆದಿದೆ, ಇಲ್ಲವೇ ಈಗಾಗಲೇ ಕಳಚಿ ಆಯಿಲ್ ಸಂಪಿಗೆ ಬಿದ್ದಿದೆ. ಬಿದ್ದಿದ್ದರೆ ಕ್ರ್ಯಾಂಕ್ ನೇರವಾಗಿ ಬ್ಲಾಕಿಗೆ ಉಜ್ಜುತ್ತಿರುತ್ತದೆ. ಸಮಯಕ್ಕೆ ಸರಿಯಾಗಿ ಕಂಡರೆ ಅಗ್ಗದ ಬಿಲ್ಲೆಯಲ್ಲಿ ಮುಗಿಯುವ ಕೆಲಸ, ಕಾಣದೆ ಓಡಿಸಿದರೆ ಎಂಜಿನ್ನೇ ಹೋಗುತ್ತದೆ.

ಹೊಗೆ, ಕಾರ್ಬೊರೇಟರ್ ತಕರಾರು, ಕೆಟ್ಟ ವೈರಿಂಗು, ಗೇರ್ ಬಾಕ್ಸಿನ ಕೊರಗುವ ಸದ್ದು, ಕಿತ್ತುಹೋದ ಸೀಟು: ಇವೆಲ್ಲ ನನ್ನ ಪ್ರಕಾರ ಒಳ್ಳೆಯ ಕುಂದುಗಳು. ಮಾರುವವನ ಬೆಲೆಯನ್ನು ಇಳಿಸುತ್ತವೆ, ಕೊಳ್ಳುವವನಿಗೆ ಕೆಲಸ ಕಲಿಸುತ್ತವೆ. ಫಸ್ಟ್ ಗೇರಿಗೆ ಸಿಂಕ್ರೊಮೆಷ್ ಇಲ್ಲದ್ದು ಕುಂದೇ ಅಲ್ಲ, ಕಾರು ಇರುವುದೇ ಹಾಗೆ. ಪೂರ್ತಿ ನಿಂತ ಮೇಲೆ ಹಾಕಬೇಕು. ಬ್ರೇಕಿನ ವಿಷಯದಲ್ಲಿ ಮಾತ್ರ ಹೊಂದಾಣಿಕೆ ಬೇಡ. ನಾಲ್ಕೂ ಚಕ್ರಗಳಿಗೆ ಒಂದೇ ಆಯಿಲ್ ಲೈನ್ ಇರುವ ಕಾರಿದು, ಒಂದು ಕಡೆ ಸೋರಿದರೆ ನಾಲ್ಕೂ ಕಡೆ ಬ್ರೇಕ್ ಹೋಗುತ್ತದೆ. ಹೋಸು, ಸಿಲಿಂಡರು, ಪೈಪು ಎಲ್ಲ ಹೊಸದು ಹಾಕಿಸದೆ ಬೀದಿಗೂ ಇಳಿಸಬೇಡಿ.

ಓಡುವ ಕಾರನ್ನು ಕೊಳ್ಳಿ, ಓಡಿಸುತ್ತಲೇ ಸರಿಮಾಡಿಕೊಳ್ಳಿ ಎನ್ನುವುದನ್ನು ಒತ್ತಿ ಹೇಳಲೇಬೇಕು. ಮೊದಲ ತಿಂಗಳಲ್ಲೇ ಉತ್ಸಾಹದಿಂದ ಕೊನೆಯ ನಟ್ಟಿನವರೆಗೂ ಬಿಚ್ಚಿ ಡಬ್ಬಗಳಲ್ಲಿ ತುಂಬಿಟ್ಟ ಕಾರುಗಳಲ್ಲಿ ಮತ್ತೆ ರಸ್ತೆ ಕಂಡವು ಕಡಿಮೆ. ಮಗಳ ಮದುವೆ ಬರುತ್ತದೆ, ವರ್ಗಾವಣೆಯಾಗುತ್ತದೆ, ಯಾವ ಬೋಲ್ಟು ಎಲ್ಲಿಯದೆಂಬ ನೆನಪು ಅಳಿಸಿಹೋಗುತ್ತದೆ. ಕೊನೆಗೆ ಡಬ್ಬಗಳ ಸಮೇತ ಕಾರು ಇನ್ನೊಬ್ಬರ ಪಾಲಾಗುತ್ತದೆ. ಅಂಥ ಬಿಚ್ಚಿಟ್ಟ ಕಾರು ಅಗ್ಗಕ್ಕೆ ಸಿಕ್ಕಿದರೂ ಹೊಸಬರು ಅದರ ತಂಟೆಗೆ ಹೋಗದಿರುವುದು ಲೇಸು. ಈ ತಿಂಗಳು ಬ್ರೇಕು, ಮಳೆಗಾಲದಲ್ಲಿ ವೈರಿಂಗು, ಅದಾದ ಮೇಲೆ ಒಂದು ಬದಿಯ ತೋಳು ಎಂದು ಹಂಚಿಕೊಂಡರೆ ನಡುವೆ ಭಾನುವಾರದ ಬೆಳಗ್ಗೆ ಟಾಪ್ ಇಳಿಸಿ ಒಂದು ಸುತ್ತು ಹೋಗಿಬರಬಹುದು. ಮುಂದಿನ ಕೆಲಸಕ್ಕೆ ಬೇಕಾದ ಮನಸ್ಸು ಬರುವುದು ಆ ಸುತ್ತಿನಿಂದಲೇ. ಬಣ್ಣ ಮಾಸಿದ ಕಾರಿನಲ್ಲೂ ಗಾಳಿ ಅಷ್ಟೇ ಚೆನ್ನಾಗಿ ಬೀಸುತ್ತದೆ.

ಇನ್ನು ಕಾಗದಪತ್ರ. ಇದು ಹುಟ್ಟಿನಿಂದಲೇ ಓಪನ್ ಕಾರೋ, ಯಾರೋ ಆಮೇಲೆ ಟಾಪ್ ತೆಗೆದದ್ದೋ ಎಂದು ತಿಳಿಯುವುದು ಮುಖ್ಯ. ಬೋಲ್ಟ್ ಬಿಚ್ಚಿದರೆ ಟಾಪ್ ಬರುತ್ತದಾದ್ದರಿಂದ ಇಂಗ್ಲೆಂಡಿನಲ್ಲಿ ಎಷ್ಟೋ ಮುಚ್ಚಿದ ಹೆರಾಲ್ಡ್‌ಗಳು ಓಪನ್ ಆಗಿವೆ. ಅಲ್ಲಿ ತಯಾರಾದ ಕಾರಿಗೆ ತಗಡಿನ ಫಲಕದಲ್ಲಿ ಕಮಿಷನ್ ನಂಬರ್ ಇರುತ್ತದೆ. ಕಾರ್ಖಾನೆಯಿಂದಲೇ ಓಪನ್ ಆಗಿ ಹೊರಬಂದಿದ್ದರೆ ನಂಬರಿನ ಕೊನೆಯಲ್ಲಿ ‘ಸಿವಿ’ ಎಂಬ ಎರಡು ಅಕ್ಷರ ಇರುತ್ತದೆ. ನಮ್ಮಲ್ಲಿ ನಾಲ್ಕು ಬಾಗಿಲಿನ ಹೆರಾಲ್ಡ್‌ನ ಟಾಪನ್ನು ಯಾರಾದರೂ ಗ್ಯಾಸ್ ಕಟರ್‌ನಲ್ಲಿ ಕತ್ತರಿಸಿ ಓಪನ್ ಎಂದು ಮಾರಲು ಬಂದರೆ ದೂರ ಇರಿ. ಬಾಡಿಯ ಬಿಗಿ ಹೋಗಿರುತ್ತದೆ. ಜೊತೆಗೆ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧಿಸುತ್ತದೆ.

ಹಳೆಯ ವಾಹನಗಳಿಗೆಂದೇ 2021ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದಿರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ವಿಂಟೇಜ್. ಚಾಸಿಸ್, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ, ಅವಧಿ 10 ವರ್ಷ. ನಂಬರಿನಲ್ಲಿ ರಾಜ್ಯದ ಸಂಕೇತದ ನಂತರ ‘ವಿಎ’ ಬರುತ್ತದೆ. ಮೊದಲೇ ನೋಂದಣಿಯಾದ ವಾಹನಗಳು ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ವಿಂಟೇಜ್ ಎಂದು ನೋಂದಾಯಿಸಿದ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ತುಂಬಿಸುವುದು, ರಿಪೇರಿ ಇಂಥವಕ್ಕೆ ಮಾತ್ರ ರಸ್ತೆಗಿಳಿಸಬಹುದು. ಯಾವ ನೋಂದಣಿಯಲ್ಲಿ ಇಟ್ಟುಕೊಳ್ಳಬೇಕು ಎಂಬುದನ್ನು ಕೊಳ್ಳುವ ಮೊದಲೇ ತೀರ್ಮಾನಿಸಿ.

ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಯಾರಾದರೂ ಅಲ್ಲಿಯೇ ಹೆರಾಲ್ಡ್ ಕೊಳ್ಳುವುದಿದ್ದರೆ ಒಂದು ಎಚ್ಚರಿಕೆ. ಅಲ್ಲಿ 40 ವರ್ಷ ದಾಟಿದ, ದೊಡ್ಡ ಬದಲಾವಣೆ ಆಗದ ಕಾರುಗಳಿಗೆ 2018ರ ಮೇ ತಿಂಗಳಿನಿಂದ ವಾರ್ಷಿಕ ಎಂಒಟಿ ತಪಾಸಣೆ ಕಡ್ಡಾಯವಲ್ಲ. ಮಾರುವವರು ಇದನ್ನು ಅನುಕೂಲವೆಂಬಂತೆ ಹೇಳುತ್ತಾರೆ. ಅಂದರೆ ಆ ಕಾರಿನ ಅಡಿಯನ್ನು ಬಲ್ಲವರೊಬ್ಬರು ನೋಡಿ ಎಷ್ಟೋ ವರ್ಷ ಆಗಿರಬಹುದು. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಊರು ಅದು. ಕೊಳ್ಳುವ ಮೊದಲು ನಿಮ್ಮ ಖರ್ಚಿನಲ್ಲೇ ತಪಾಸಣೆ ಮಾಡಿಸಿ. 1977ರಲ್ಲಿ ಶುರುವಾದ ಟ್ರಯಂಫ್ ಸ್ಪೋರ್ಟ್ಸ್ ಸಿಕ್ಸ್ ಕ್ಲಬ್‌ನಲ್ಲಿ ಹೆರಾಲ್ಡ್ ಬಲ್ಲವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಇಲ್ಲಿರುವವರು ಕಾರು ಹುಡುಕುವ ಮೊದಲು ಧರ್ಮಸ್ಥಳದ ಕಾರು ಸಂಗ್ರಹವನ್ನೋ ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯವನ್ನೋ ನೋಡಿ ಬರಲಿ. ಚೆನ್ನಾಗಿ ಉಳಿಸಿಕೊಂಡ ಹಳೆಯ ಕಾರಿನ ಬಾಗಿಲ ಸಂದಿ ಹೇಗೆ ಒಂದೇ ಅಗಲದಲ್ಲಿ ಸುತ್ತಲೂ ಹೋಗುತ್ತದೆಂದು ಕಣ್ಣಿಗೆ ರೂಢಿಯಾದರೆ, ಶೆಡ್ಡಿನಲ್ಲಿ ನಿಂತ ಕಾರಿನ ಸೊಟ್ಟ ತಾನಾಗಿ ಕಾಣುತ್ತದೆ.

ಬಟ್ಟೆಯ ಟಾಪ್ ಹೊಲಿಸುವುದು ಎಲ್ಲಕ್ಕಿಂತ ಕೊನೆಗೆ. ಹರಿದ ಟಾಪ್ ಕಣ್ಣಿಗೆ ಕೆಟ್ಟದಾಗಿ ಕಾಣುವುದರಿಂದ ಹೆಚ್ಚಿನವರು ಅದನ್ನೇ ಮೊದಲು ಮಾಡಿಸುತ್ತಾರೆ. ಆಮೇಲೆ ಚಾಸಿಸ್ ಕೆಲಸವಾಗಿ ಬಾಡಿ ತನ್ನ ಮೂಲ ಆಕಾರಕ್ಕೆ ಮರಳಿದಾಗ ಟಾಪಿನ ಅಳತೆ ತಪ್ಪಿ, ಗಾಜಿನ ಚೌಕಟ್ಟಿನ ಕೊಂಡಿಗೆ ಎಟಕುವುದೇ ಇಲ್ಲ. ಅಲ್ಲಿಯವರೆಗೆ ಹಳೆಯದಕ್ಕೇ ತೇಪೆ ಹಾಕಿಕೊಂಡು ಕಾರನ್ನು ನೆರಳಿನಲ್ಲಿ ನಿಲ್ಲಿಸಿ. ಮಡಚುವ ಕಬ್ಬಿಣದ ಚೌಕಟ್ಟು ಪೂರ್ತಿ ಇದ್ದರೆ ಹೊಲಿಗೆ ಕಷ್ಟವಲ್ಲ. ಚೌಕಟ್ಟೇ ಇಲ್ಲದ ಕಾರು ಕೊಂಡರೆ ಅದನ್ನು ಹುಡುಕುವುದೇ ದೊಡ್ಡ ಕೆಲಸ, ಹಾಗಾಗಿ ವ್ಯಾಪಾರ ಮಾಡುವಾಗಲೇ ಬಿಚ್ಚಿಸಿ ನೋಡಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಸೀಟು ಹೊಲಿಯುವವರಲ್ಲಿ ಒಳ್ಳೆಯ ಕೈ ಇರುವವರಿದ್ದಾರೆ, ಹಳೆಯ ಟಾಪನ್ನೇ ಮಾದರಿಯಾಗಿ ಕೊಡಬೇಕು, ಆದ್ದರಿಂದ ಎಷ್ಟು ಹರಿದಿದ್ದರೂ ಎಸೆಯಬೇಡಿ. ವಿನೈಲ್ ಆದರೆ ಬಿಸಿಲಿರುವ ದಿನ ಕೂರಿಸಿದರೆ ಚೆನ್ನಾಗಿ ಎಳೆದು ಬಿಗಿಯಬಹುದು. ಅಳತೆ ತೆಗೆಯುವ ದಿನ ಎರಡೂ ಬಾಗಿಲು ಮುಚ್ಚಿ, ಗಾಜುಗಳನ್ನು ಪೂರ್ತಿ ಏರಿಸಿ, ಕಾರು ಸಮತಟ್ಟಾದ ನೆಲದಲ್ಲಿ ತನ್ನ ನಾಲ್ಕು ಚಕ್ರಗಳ ಮೇಲೆಯೇ ನಿಂತಿರಲಿ. ಜಾಕ್ ಮೇಲೆ ನಿಂತ ಓಪನ್ ಕಾರಿಗೆ ಯಾವ ದರ್ಜಿಯ ಅಳತೆಯೂ ನಿಲ್ಲುವುದಿಲ್ಲ.